ಬೇಗೆಯ ಕಾಲದ ಮಾತ್ರೆ

ಮಾವಿನ ಹಂಗಾಮಿನಲ್ಲಿ ಶ್ರೀನಿವಾಸಪುರದಲ್ಲಿ ಬೆವರದವರಿಲ್ಲ. ಆದರೆ 45 ದಾಟಿದ ನಾವು ಚಳಿಗಾಲದ ನಡುರಾತ್ರಿಯಲ್ಲೂ ಬೆವರಿ ಏಳುತ್ತೇವೆ. ಮುಟ್ಟು ನಿಲ್ಲುವ ಕಾಲವೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ಹಾಗಾಗಿ ಒಬ್ಬರ ಹಾರ್ಮೋನ್ ಮಾತ್ರೆ ಇನ್ನೊಬ್ಬರ ಕೈಗೆ ಗುಟ್ಟಾಗಿ ದಾಟುತ್ತದೆ. ಅಪಾಯವಿರುವುದು ಇಲ್ಲಿಯೇ.

ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಗರ್ಭಕೋಶ ಇರುವವರು ಅದೊಂದನ್ನೇ ನುಂಗುತ್ತಿದ್ದರೆ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾದೀತು. ಅವರಿಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ಬೇಕು.

2002ರಲ್ಲಿ ಅಮೆರಿಕದ ಅಧ್ಯಯನವೊಂದು ಸ್ತನ ಕ್ಯಾನ್ಸರ್, ಪಾರ್ಶ್ವವಾಯುವಿನ ಅಪಾಯ ಕಂಡು ಅವಧಿಗೆ ಮುನ್ನವೇ ನಿಂತಿತು. ಜಗತ್ತೇ ಹೆದರಿತು. ಆದರೆ ಅದರಲ್ಲಿದ್ದವರ ಸರಾಸರಿ ವಯಸ್ಸು 63. ಬೇಗೆಯಿಂದ ಬಳಲುವ ಆರೋಗ್ಯವಂತರು 60ರೊಳಗೆ, ಮುಟ್ಟು ನಿಂತ 10 ವರ್ಷದೊಳಗೆ ಶುರುಮಾಡಿದರೆ ಸಾಮಾನ್ಯವಾಗಿ ಲಾಭವೇ ಹೆಚ್ಚೆಂದು ತಜ್ಞರು ಈಗ ಹೇಳುತ್ತಾರೆ. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ ಈ ಮಾತ್ರೆ ಸಾಮಾನ್ಯವಾಗಿ ಸಲ್ಲದು.

ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ ತಡಮಾಡದೆ ತೋರಿಸಬೇಕು. ಮಾತ್ರೆ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹಳೆಯ ಕಾಯಿಲೆಗಳನ್ನೆಲ್ಲ ಡಾಕ್ಟರಿಗೆ ಮುಚ್ಚಿಡದೆ ಹೇಳೋಣ. ಮನೆಯವರೂ ಇದನ್ನು ಹೆಂಗಸರ ಗೊಣಗಾಟವೆಂದು ತಳ್ಳಿಹಾಕದಿರಲಿ.