ಸಭಾಪಾಲಕರು ತಯಾರಾಗುವ ಬಗೆ

ಹೊರನಾಡಿಗೆ ಬಂದ ಕನ್ನಡಿಗರಿಗೆ ಕುಚ್ಚಲಕ್ಕಿ, ಧಾರವಾಡದ ಪೇಢೆ, ಕನ್ನಡ ಪತ್ರಿಕೆ ಎಲ್ಲವೂ ಹೇಗೋ ಸಿಗುತ್ತವೆ. ನಮ್ಮಂಥ ಕ್ರೈಸ್ತ ಕನ್ನಡಿಗರಿಗೆ ಸುಲಭವಾಗಿ ಸಿಗದಿರುವುದು ಕನ್ನಡದಲ್ಲಿ ಪ್ರಸಂಗ ಮಾಡಿ ಕನ್ನಡದಲ್ಲೇ ಸಂತೈಸಬಲ್ಲ ಸಭಾಪಾಲಕರು. ನಮ್ಮ ಅಯ್ಯನವರು ಬರುವ ವರ್ಷ ನಿವೃತ್ತರಾಗುತ್ತಾರೆ. ಅವರ ಬಳಿಕ ಯಾರು ಎಂದು ಯಾರಿಗೂ ತಿಳಿಯದು. ಕನ್ನಡ ಆರಾಧನೆಯನ್ನು ಇಂಗ್ಲಿಷ್ ಆರಾಧನೆಯೊಡನೆ ಸೇರಿಸಿಬಿಟ್ಟರಾಯಿತು ಎನ್ನುವವರೂ ನಮ್ಮಲ್ಲಿದ್ದಾರೆ.

ಸಭಾಪಾಲಕರು ಒಂದು ದಿನದಲ್ಲಿ ತಯಾರಾಗುವವರಲ್ಲ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಅವರು ಸಾಮಾನ್ಯವಾಗಿ ನಾಲ್ಕೈದು ವರ್ಷ ಓದಿ ಸೆರಾಂಪುರದ ಬಿ.ಡಿ. ಪದವಿ ಪಡೆಯುತ್ತಾರೆ. ಕಲ್ಕತ್ತೆಯ ಬಳಿ 1818ರಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ಸ್ಥಾಪಿಸಿದ ಆ ಕಾಲೇಜಿಗೆ ಪದವಿ ಕೊಡುವ ಅಧಿಕಾರ 1827ರಲ್ಲಿ ಡೆನ್ಮಾರ್ಕಿನ ಅರಸರಿಂದ ಬಂತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಅದೇ ಏರ್ಪಾಡಿಗೆ ಸೇರಿದವು. ಗ್ರೀಕ್, ಹೀಬ್ರೂ, ಸಭಾಚರಿತ್ರೆ, ಅನ್ಯಧರ್ಮಗಳ ಪರಿಚಯ, ಪ್ರಸಂಗಕಲೆ ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ.

ಇವೆಲ್ಲ ಬೇಕು. ಆದರೆ ಇಷ್ಟೇ ಸಾಕೆ?

ಬಾಸೆಲ್ ಮಿಷನ್ನಿನವರು ಬಲ್ಮಠದಲ್ಲಿ ಉಪದೇಶಕರನ್ನು ತಯಾರಿಸಲು ಹೊರಟಾಗ ಮೊದಲು ತಾವೇ ವಿದ್ಯಾರ್ಥಿಗಳಾದರು. ಹರ್ಮನ್ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲರ ಶ್ರಮ 1894ರಲ್ಲಿ ನಿಘಂಟಾಗಿ ಅಚ್ಚಾಯಿತು. ಜನರ ಮಾತು ಬಾರದವನು ಜನರ ದುಃಖಕ್ಕೆ ಒದಗಲಾರನೆಂಬುದು ಅವರಿಗೆ ಗೊತ್ತಿತ್ತು. 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಮಂಗಳೂರಿನ ಆನಂದರಾವ್ ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಮುಂದೆ ಮಂಗಳೂರಿನಲ್ಲಿ ತಾವೇ ಉಪದೇಶಕರಿಗೆ ಪಾಠ ಹೇಳಿದರು.

ಇಂದಿನ ತೆಲಂಗಾಣದ ದೋರ್ನಕಲ್ಲಿನಲ್ಲಿ ಇನ್ನೊಂದು ಬಗೆ ಕಾಣುತ್ತದೆ. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾದ ಅಜರಯ್ಯನವರು ತಮಿಳುನಾಡಿನವರು. ತೆಲುಗು ಕಲಿತು ಹಳ್ಳಿಯ ಉಪದೇಶಕರನ್ನು ಅಣಿಗೊಳಿಸಿದರು. ಅವರಲ್ಲಿ ಗಂಡನೊಬ್ಬನಿಗೇ ತರಬೇತಿಯಲ್ಲ, ಹೆಂಡತಿಗೂ ಇತ್ತು. ಹಳ್ಳಿಯವರು ಉಪದೇಶಕನ ಪ್ರಸಂಗ ಕೇಳುವುದು ವಾರಕ್ಕೊಮ್ಮೆ. ಅವನ ಮನೆಯನ್ನು ನೋಡುವುದು ದಿನಾಲೂ.

ನಮ್ಮಲ್ಲಿಯೂ ಒಂದು ಸಂಗತಿ ನಡೆಯಿತು. ನಮ್ಮ ಸಭೆಯ ವೃದ್ಧೆಯೊಬ್ಬರು ಆಸ್ಪತ್ರೆಯಲ್ಲಿದ್ದರು. ನಲವತ್ತು ವರ್ಷ ಈ ಊರಿನ ಭಾಷೆಯಲ್ಲೇ ವ್ಯವಹರಿಸಿದವರು, ಆ ದಿನ ಕನ್ನಡದಲ್ಲಿ ಇಪ್ಪತ್ತಮೂರನೆಯ ಕೀರ್ತನೆ ಬೇಕೆಂದರು. ಅಯ್ಯನವರು ಊರಲ್ಲಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ, ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗನೊಬ್ಬ ಸತ್ಯವೇದ ಹಿಡಿದು ಹೋದ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದ. ಆಕೆ ಕಣ್ಣು ಮುಚ್ಚಿಕೊಂಡೇ, "ಹಾಗಲ್ಲ ಮಗಾ" ಎಂದು ತಿದ್ದುತ್ತ, ಕೊನೆಯ ವಚನದವರೆಗೆ ಅವನಿಂದ ಓದಿಸಿದರು. ಮೂರು ದಿನದ ಮೇಲೆ ತೀರಿಕೊಂಡರು. ಹುಡುಗ ಅಂದಿನಿಂದ ತಾನಾಗಿ ಅಯ್ಯನವರೊಡನೆ ಮನೆಮನೆಗೆ ಹೋಗತೊಡಗಿದ. ಈಗ ಬಲ್ಮಠಕ್ಕೆ ಹೋಗಿ ಓದುತ್ತೇನೆನ್ನುತ್ತಾನೆ.

ತಂದೆಗೆ ಇಷ್ಟವಿಲ್ಲ. ಖಾಯಂ ನೌಕರಿ ಬಿಡುವುದೆಂದರೆ ಏನೆಂದು ಸರ್ಕಾರಿ ಸಂಬಳದಲ್ಲಿ ಸಂಸಾರ ನಡೆಸುವ ನಮಗೂ ಗೊತ್ತು. ಅವರ ಭಯವನ್ನು ಅವಿಶ್ವಾಸವೆಂದು ನಾವು ಕರೆಯಲಾರೆವು. ನೌಕರಿ ಬಿಡದೆ ಓದುವ ದಾರಿಯೂ ಇದೆ: ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಟಾಫ್ಟಿ ಸಂಸ್ಥೆಯ ಪಾಠಗಳನ್ನು ಮನೆಯಲ್ಲೇ ಓದಿ, ಊರಿನ ಗುಂಪಿನಲ್ಲಿ ಕೂಡಿ ಚರ್ಚಿಸಬಹುದು. ಹಿರಿಯರಾದ ನಮ್ಮಂಥವರಿಗೂ ಅದು ಒಪ್ಪುವಂಥದು.

ಕಳೆದ ತಿಂಗಳು ಸಭೆಯ ಹಿರಿಯರೆಲ್ಲ ಕೂಡಿ ಮಾತಾಡಿದೆವು. ಹುಡುಗನ ಓದಿನ ಖರ್ಚನ್ನು ಸಭೆಯೇ ಹೊರುವುದು, ಹೋಗುವುದೋ ಬಿಡುವುದೋ ತಂದೆ–ಮಗ ತೀರ್ಮಾನಿಸುವುದು ಎಂದಾಯಿತು. ಅಲ್ಲಿಯವರೆಗೆ ಕನ್ನಡ ಆರಾಧನೆ ನಿಲ್ಲಬಾರದೆಂದು ನಾವು ನಾಲ್ವರು ಸರದಿಯಂತೆ ಅಯ್ಯನವರ ಬಳಿ ಪ್ರಸಂಗ ಬರೆಯಲು ಕಲಿಯುತ್ತಿದ್ದೇವೆ. ಅವರು ಕೆಂಪು ಪೆನ್ಸಿಲನ್ನು ಧಾರಾಳವಾಗಿಯೇ ಬಳಸುತ್ತಾರೆ. ಪ್ರಸಂಗ ತಿದ್ದಿದ ಮೇಲೆ ಅವರು ಒಂದು ಮನೆಯ ವಿಳಾಸ ಕೊಡುತ್ತಾರೆ. ಅಲ್ಲಿ ಕಾಯಿಲೆಯವರೋ ಒಂಟಿಯಾದವರೋ ಇರುತ್ತಾರೆ. ಅಲ್ಲಿಗೆ ಹೋಗಿಬಂದ ಮೇಲೆಯೇ ಮುಂದಿನ ಪಾಠ.