ಹಿಡಿಯಬಹುದು, ಹೊಡೆಯುವಂತಿಲ್ಲ

ಅಡಿಕೆ ಒಣಗಿಸುವ ಕಾಲ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ರಾತ್ರಿ ಕಾವಲು ಶುರುವಾಗುತ್ತದೆ. ಕಳ್ಳ ಸಿಕ್ಕರೆ ಕಂಬಕ್ಕೆ ಕಟ್ಟಿ ನಾಲ್ಕು ಬಾರಿಸಬೇಕು ಎನ್ನುವ ಮಾತು ನಮ್ಮ ಓಣಿಯಲ್ಲೂ ಕೇಳುತ್ತದೆ. ಇದಕ್ಕೆ ಕಾನೂನು ಏನು ಹೇಳುತ್ತದೆ ಎಂದು ಹುಡುಕಿ ಓದಿದೆ.

ಸಾಮಾನ್ಯ ನಾಗರಿಕನೂ ಒಬ್ಬನನ್ನು ಬಂಧಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಆ ಅಧಿಕಾರ ಕೊಡುತ್ತದೆ. ಆದರೆ ಸಿಕ್ಕವನು ಘೋಷಿತ ಅಪರಾಧಿಯಾಗಿರಬೇಕು. ಇಲ್ಲವೇ ಅಪರಾಧ ನಮ್ಮ ಕಣ್ಣೆದುರೇ ನಡೆದಿರಬೇಕು, ಅದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವಾಗಿರಬೇಕು. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಬರೀ ಅನುಮಾನ ಸಾಲದು, ಯಾರೋ ಹೇಳಿದ್ದೂ ಸಾಲದು. ವೋಚರ್ ಇಲ್ಲದೆ ಜರ್ನಲ್‌ನಲ್ಲಿ ಎಂಟ್ರಿ ಹಾಕಬಾರದು ಎಂದು ನಮಗೆ ಅಕೌಂಟೆನ್ಸಿ ಕ್ಲಾಸಿನಲ್ಲಿ ಕಲಿಸುತ್ತಾರಲ್ಲ, ಹಾಗೆ.

ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಬಂದೂಕು ನಮ್ಮ ಭಾಗದ ಎಷ್ಟೋ ಮನೆಗಳಲ್ಲಿದೆ. ಅದು ಬೆಳೆ ಕಾಯಲು ಕೊಟ್ಟದ್ದು, ದಾರಿಹೋಕರನ್ನು ನಿಲ್ಲಿಸಿ ವಿಚಾರಿಸಲು ಅಲ್ಲ. ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ. ಆದರೆ ರಕ್ಷಣೆಗೆ ಬೇಕಾದಷ್ಟೇ ಬಲ ಬಳಸಬೇಕು. ಸಿಕ್ಕಿಬಿದ್ದವನಿಗೆ ಶಿಕ್ಷೆ ಕೊಡುವುದು ಅದರಲ್ಲಿ ಸೇರಿಲ್ಲ.

ಈ ಗೆರೆ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2018ರ ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವರು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು’ ಎಂಬ ಸುಳ್ಳು ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ದಾರಿಗೆ ಅಡ್ಡಹಾಕಿ ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಯುವ ಎಂಜಿನಿಯರ್ ಪ್ರಾಣ ಬಿಟ್ಟರು. ನಾಲ್ಕೇ ದಿನದಲ್ಲಿ, ತೆಹ್ಸೀನ್ ಪೂನಾವಾಲಾ ಪ್ರಕರಣದ ತೀರ್ಪಿನಲ್ಲಿ, ಇಂಥ ಗುಂಪು ಹಲ್ಲೆ ತಡೆಯಲು ಪ್ರತಿ ಜಿಲ್ಲೆಗೂ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ನೇಮಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಈಗ ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಊರಿನಂಥ ಕಾರಣಕ್ಕೆ ಕೊಂದರೆ, ನ್ಯಾಯ ಸಂಹಿತೆಯ 103(2)ರ ಪ್ರಕಾರ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ.

ನನ್ನ ಅಬ್ಬಾ ಬೈಕಿಗೆ ಚಾದರಗಳ ಗಂಟು ಕಟ್ಟಿಕೊಂಡು ಯಲ್ಲಾಪುರ, ಸಿದ್ದಾಪುರದ ಹಳ್ಳಿಗಳಿಗೆ ವ್ಯಾಪಾರಕ್ಕೆ ಹೋಗುತ್ತಾರೆ. ಅವರ ಕನ್ನಡದಲ್ಲಿ ಉರ್ದುವಿನ ಧಾಟಿ ಇದೆ. ಮಕ್ಕಳು ಸುತ್ತ ಸೇರಿದರೆ ಪೆಪ್ಪರಮಿಂಟು ಕೊಡುತ್ತಾರೆ. ಮುರ್ಕಿಯ ವಿಷಯ ಓದಿ ಹೇಳಿದಾಗ ಅಮ್ಮಿ, “ಇನ್ನು ಮಿಠಾಯಿ ಒಯ್ಯಬೇಡಿ” ಎಂದರು. ಅಬ್ಬಾ ಏನೂ ಹೇಳಲಿಲ್ಲ.

ನಮ್ಮ ಓಣಿಗೆ ಬರುವ ಅಪರಿಚಿತನಿಗೂ ಮನೆಯಲ್ಲಿ ಹೀಗೆ ಕಾಯುವವರು ಇರುತ್ತಾರೆ. ಕಾವಲು ಬೇಕು, ಕಾಯೋಣ. ಕೈಯಲ್ಲಿ ಟಾರ್ಚ್, ಸೀಟಿ, 112ಕ್ಕೆ ಕರೆ ಮಾಡಲು ಮೊಬೈಲ್ ಇರಲಿ. ಹಿಡಿದವನನ್ನು ಕೂರಿಸಿ, ಪೊಲೀಸರು ಬರುವವರೆಗೆ ಯಾರ ಕೈಯೂ ಅವನ ಮೇಲೆ ಬೀಳದಂತೆ ನೋಡಿಕೊಳ್ಳುವುದೂ ಕಾವಲುಗಾರನ ಕೆಲಸವೇ.