ನಾಲ್ಕಕ್ಷರದ ಹೆಸರಿನವರು

ವಿಂಡೋಸ್ 95ರಲ್ಲಿ ಏನನ್ನಾದರೂ ಕಾಪಿ ಮಾಡಿದರೆ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಾಗದದ ಹಾಳೆಗಳು ಹಾರಿಹೋಗುತ್ತಿದ್ದವಲ್ಲ, ಅದೂ ಒಂದು ಎವಿಐ ವಿಡಿಯೋನೇ. ಈಗ ಆ ಹಾಳೆಗಳಿಲ್ಲ. ಎವಿಐ ಎಂಬ ಬಾಲವಿದ್ದ ಫೈಲು ಕಣ್ಣಿಗೆ ಬಿದ್ದೂ ಎಷ್ಟೋ ಕಾಲವಾಯಿತು.

ಅದರ ವಂಶ ದೊಡ್ಡದು. 1985ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್‌ನ ಜೆರ್ರಿ ಮಾರಿಸನ್ ರೂಪಿಸಿದ ಐಎಫ್‌ಎಫ್ ಎಂಬ ಫೈಲು ರಚನೆ ಅಮಿಗಾ ಕಂಪ್ಯೂಟರಿನಲ್ಲಿ ನೆಲೆಯೂರಿತು. 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಅದೇ ರಚನೆಯನ್ನು ಇಂಟೆಲ್ ಚಿಪ್ಪಿಗೆ ಒಗ್ಗುವಂತೆ ಬೈಟುಗಳ ಸಾಲು ತಿರುಗಿಸಿ 'ರಿಫ್' ಎಂದು ಹೊರತಂದವು. ಧ್ವನಿಯ ವೇವ್ ಫೈಲು ಅದರ ಕೂಸು. 1992ರ ಎವಿಐ ಕೂಡ.

ಒಳಗಿನ ಏರ್ಪಾಡು ಎಷ್ಟು ಸರಳ! ಫೈಲು ಎಂದರೆ ತುಂಡುಗಳ ಸಾಲು. ಪ್ರತಿ ತುಂಡಿನ ತಲೆಯ ಮೇಲೆ ನಾಲ್ಕಕ್ಷರದ ಹೆಸರು, ಆಮೇಲೆ ನಾಲ್ಕು ಬೈಟಿನಲ್ಲಿ ಅದರ ಉದ್ದ, ಆಮೇಲೆ ಸರಕು. ಉದ್ದ ಬೆಸಸಂಖ್ಯೆಯಾದರೆ ಕೊನೆಗೊಂದು ಖಾಲಿ ಬೈಟು ಸೇರಿಸಿ ಸಮ ಮಾಡಬೇಕು, ಅಷ್ಟೇ. ಗುರುತಿಲ್ಲದ ಹೆಸರು ಎದುರಾದರೆ ಪ್ರೋಗ್ರಾಮು ಕಂಗಾಲಾಗಬೇಕಿಲ್ಲ. ಸೇರದ ಪಲ್ಯವನ್ನು ಎಲೆಯ ಅಂಚಿಗೆ ಸರಿಸಿ ಊಟ ಮುಂದುವರಿಸಿದ ಹಾಗೆ, ಅಷ್ಟು ಉದ್ದ ದಾಟಿ ಮುಂದೆ ಹೋದರಾಯಿತು. ನಾಳೆ ಯಾರೋ ಹೊಸ ತುಂಡು ಸೇರಿಸಿದರೂ ಹಳೆಯ ಪ್ಲೇಯರು ಮುನಿಸಿಕೊಳ್ಳುತ್ತಿರಲಿಲ್ಲ. ಇಂಥ ಸೌಜನ್ಯ ಇವತ್ತಿನ ಆ್ಯಪುಗಳಲ್ಲಿ ನನಗಂತೂ ಕಂಡಿಲ್ಲ. ಅಪ್‌ಡೇಟ್ ಮಾಡದಿದ್ದರೆ ಬಾಗಿಲೇ ತೆಗೆಯುವುದಿಲ್ಲ.

ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಾಗದ ಗೀಚುಗಳ ನಡುವೆ ಈ ಹೆಸರುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಕನ್ನಡ ಸಿನಿಮಾದ ವಿಸಿಡಿ ಬಾಡಿಗೆಗೆ ತಂದು ಅದರ 'ಡ್ಯಾಟ್' ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ಅದರ ತಲೆಯಲ್ಲೂ ರಿಫ್! ಅದು ಡಿಸ್ಕಿನಲ್ಲಿದ್ದದ್ದಲ್ಲ, ಓದುವಾಗ ವಿಂಡೋಸ್ ತಾನಾಗಿ ತೊಡಿಸಿದ ಟೋಪಿ. ಶಬ್ದ ಕೇಳಿ ಚಿತ್ರ ಮೂಡದಿದ್ದರೆ ಹೆಡರಿನ ನಾಲ್ಕಕ್ಷರ ನೋಡಿ, ಬೇಕಾದ ಕೋಡೆಕ್ ಡಿವ್‌ಎಕ್ಸೋ ಎಕ್ಸ್‌ವಿಡ್ಡೋ ಎಂದು ಪತ್ತೆ ಹಚ್ಚಬಹುದಿತ್ತು. ಯಾವ ಫ್ರೇಮು ಎಲ್ಲಿದೆಯೆಂಬ ಸೂಚಿ ಎವಿಐನಲ್ಲಿ ಕಟ್ಟಕಡೆಗೆ ಇರುತ್ತಿತ್ತು. ಹಾಗಾಗಿ ಸೈಬರ್ ಕೆಫೆಯಲ್ಲಿ ಡೌನ್‌ಲೋಡ್ ಅರ್ಧಕ್ಕೆ ನಿಂತರೂ ಬಂದಷ್ಟು ಸಿನಿಮಾ ಓಡುತ್ತಿತ್ತು, ಹಿಂದೆ ಮುಂದೆ ಎಳೆಯಲು ಮಾತ್ರ ಬಿಡುತ್ತಿರಲಿಲ್ಲ. ಸೂಚಿ ರಿಪೇರಿ ಮಾಡಲೇ ಎಂದು ವಿಎಲ್‌ಸಿ ಕೇಳುತ್ತಿತ್ತು.

ಎವಿಐ ಹಿಂದೆ ಸರಿದದ್ದಕ್ಕೆ ನ್ಯಾಯವಾದ ಕಾರಣಗಳಿವೆ. ಉದ್ದ ಬರೆಯಲು ನಾಲ್ಕೇ ಬೈಟು ಇದ್ದುದರಿಂದ ತುಂಡು 4 ಜಿಬಿ ಮೀರುವಂತಿರಲಿಲ್ಲ. ಸಬ್‌ಟೈಟಲ್ಲಿಗೆ ಸರಿಯಾದ ಜಾಗವಿರಲಿಲ್ಲ. ಅದರ ಜಾಗಕ್ಕೆ ಬಂದ ಎಂಪಿ4 ಸಹ ಹೆಸರು, ಉದ್ದ ಬರೆದ ಪೆಟ್ಟಿಗೆಗಳ ಸಾಲೇ. ಹಾಗಾಗಿ ನನ್ನ ಕೊರಗು ತಂತ್ರಜ್ಞಾನದ್ದಲ್ಲ. ಈಗ ಸಿನಿಮಾ ಕೆಲವು ಸೆಕೆಂಡುಗಳ ತುಂಡುಗಳಾಗಿ ಹರಿದು ಬರುತ್ತದೆ, ನೋಡಿ ಮುಗಿಸಿದ ಮೇಲೆ ಕೈಯಲ್ಲೇನೂ ಉಳಿಯುವುದಿಲ್ಲ. ಬಿಚ್ಚಿ ನೋಡೋಣವೆಂದರೆ ಫೈಲೇ ಇಲ್ಲ.

ಆದರೆ ರಿಫ್ ವಂಶ ಅಳಿದಿಲ್ಲ. ವೇವ್ ಇನ್ನೂ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಗಟ್ಟಿಯಾಗಿದೆ. ವೆಬ್‌ಪಿ ಚಿತ್ರಗಳ ಹೊರಕವಚವೂ ರಿಫ್, ವಾಟ್ಸ್‌ಆ್ಯಪ್ ಸ್ಟಿಕ್ಕರುಗಳು ವೆಬ್‌ಪಿಯವೇ. ಬೆಳಗಾಗುತ್ತಲೇ ಬಂಧುಗಳ ಗುಂಪಿಗೆ ಬಂದು ಬೀಳುವ 'ಶುಭೋದಯ' ಸ್ಟಿಕ್ಕರಿನ ಮೊದಲ ನಾಲ್ಕು ಬೈಟುಗಳೂ ರಿಫ್‌ನ ಅವೇ ನಾಲ್ಕಕ್ಷರ. ಕಳಿಸಿದ ಚಿಕ್ಕಮ್ಮನಿಗೆ ಇದನ್ನು ಹೇಳಹೋದರೆ ಇನ್ನೊಂದು ಸ್ಟಿಕ್ಕರು ಬರುತ್ತದೆ.